ಗೇಜು 62 ಎಂದಿತು: ಒಂದು ಕಳೆ ಮಷಿನ್‌ನ ಪ್ರಕರಣ

ನವರಾತ್ರಿ ಮುಗಿದ ವಾರ ಅದು. ಮಳೆ ಪೂರ್ತಿ ಬಿಟ್ಟಿರಲಿಲ್ಲ, ಆದರೆ ಬಿಸಿಲು ಬರತೊಡಗಿತ್ತು. ಶಿರಸಿಯ ಹುಲೇಕಲ್ ಕಡೆ ತೋಟಗಳಲ್ಲಿ ಹುಲ್ಲು ಸೊಂಟದವರೆಗೆ ಬೆಳೆದಿತ್ತು. ಅಡಿಕೆಯ ಕೊನೆಕೊಯ್ಲು ಶುರುವಾಗುವ ಮೊದಲು ತೋಟ ಹಸನಾಗಲೇಬೇಕು. ಇಲ್ಲದಿದ್ದರೆ ಉದುರಿದ ಅಡಿಕೆ ಹುಲ್ಲಿನಲ್ಲಿ ಸಿಗುವುದಿಲ್ಲ, ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರಿಗೂ ಕಾಲಿಡಲು ಜಾಗ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಪಕ್ಕದ ಊರಿನ ಅಕ್ಕ ಒಬ್ಬರು ತಮ್ಮ ಕಳೆ ಮಷಿನ್ ಅನ್ನು ಗೂಡ್ಸ್ ರಿಕ್ಷಾದಲ್ಲಿ ಹಾಕಿಸಿಕೊಂಡು ನಮ್ಮ ಅಂಗಳಕ್ಕೆ ಬಂದರು.

"ತಮ್ಮಾ, ನೀನೊಂದ್ಸಲ ನೋಡು. ಆಗದಿದ್ರೆ ಕಿಟ್ ಹಾಕಿಸ್ತೆ" ಎಂದರು.

ಬೆನ್ನಿಗೆ ಹಾಕಿಕೊಳ್ಳುವ ಜಾತಿಯ, 43 ಸಿಸಿ ಟೂ ಸ್ಟ್ರೋಕ್ ಮಷಿನ್. ಐದು ವರ್ಷ ಹಳೆಯದು. ರೋಗ ಹೀಗಿತ್ತು: ಬೆಳಿಗ್ಗೆ ತಣ್ಣಗಿದ್ದಾಗ ಏಳೆಂಟು ಸಲ ಹಗ್ಗ ಎಳೆದರೆ ಸ್ಟಾರ್ಟ್ ಆಗುತ್ತಿತ್ತು. ಹತ್ತು ನಿಮಿಷ ಹುಲ್ಲು ಹೊಡೆಯುವಷ್ಟರಲ್ಲಿ ಶಕ್ತಿ ಇಳಿಯುತ್ತಿತ್ತು. ಬ್ಲೇಡು ಹುಲ್ಲಿಗೆ ತಾಗಿದರೆ ಮುಕ್ಕರಿಸಿ ನಿಲ್ಲುತ್ತಿತ್ತು. ಆಮೇಲೆ ಅರ್ಧ ತಾಸು ಎಷ್ಟು ಎಳೆದರೂ ಇಲ್ಲ. ರಿಪೇರಿ ಅಂಗಡಿಯಲ್ಲಿ, ಪಿಸ್ಟನ್ ಗಾಳಿಯನ್ನು ಎಷ್ಟು ಒತ್ತುತ್ತದೆ ಎಂದು ಪಿಎಸ್‌ಐ ಲೆಕ್ಕದಲ್ಲಿ ಅಳೆಯುವ ಗೇಜು ಹಾಕಿ ನೋಡಿದ್ದರು. 60 ಪಿಎಸ್‌ಐ. ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ಸ್ವಲ್ಪ ಎಣ್ಣೆ ಬಿಟ್ಟು ಮತ್ತೆ ಅಳೆದಾಗ 85. "ಎಣ್ಣೆ ಹಾಕಿದ ಮೇಲೆ ಏರಿತು ನೋಡಿ. ರಿಂಗು, ಬೋರು ಎರಡೂ ಹೋಗಿವೆ" ಎಂದು ಅಕ್ಕನ ಕಣ್ಣೆದುರೇ ತೋರಿಸಿದ್ದರು. (ರಿಂಗು ಎಂದರೆ ಪಿಸ್ಟನ್ ಸುತ್ತ ಕೂತು ಗಾಳಿ ಸೋರದಂತೆ ತಡೆಯುವ ಬಳೆ, ಬೋರು ಎಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಮೈ.) ಸಿಲಿಂಡರ್, ಪಿಸ್ಟನ್, ರಿಂಗು ಎಲ್ಲ ಸೇರಿದ ಕಿಟ್‌ಗೆ ಮಜೂರಿಯೊಂದಿಗೆ ಮೂರೂವರೆ ಸಾವಿರ ಹೇಳಿದ್ದರು.

ಅಂಗಡಿಯವರು ಮೋಸ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಅವರು ಮಾಡಿದ್ದು ಎಲ್ಲರೂ ಮಾಡುವ ಪರೀಕ್ಷೆಯೇ. ಎಣ್ಣೆ ಹಾಕಿ ಎರಡನೇ ಸಲ ಅಳೆಯುವುದು ಕಾರು, ಬೈಕುಗಳಿಗೆ ದಶಕಗಳಿಂದ ನಡೆದು ಬಂದ ಪದ್ಧತಿ. ರಿಂಗು ಸವೆದಿದ್ದರೆ ಎಣ್ಣೆ ಆ ಸಂದಿಯನ್ನು ಮುಚ್ಚುತ್ತದೆ, ಒತ್ತಡ ಏರುತ್ತದೆ. ತರ್ಕ ಸರಿಯಾಗಿಯೇ ಇದೆ. ನಾನೂ ಅದನ್ನೇ ನಂಬಿದೆ. ಅಷ್ಟೇ ಅಲ್ಲ, ಅಂದು ಸಂಜೆ ನನ್ನದೇ ಗೇಜು ಹಾಕಿ ಅಳೆದೆ. 62 ಬಂತು.

ಅಳೆದ ರೀತಿಯನ್ನು ಇಲ್ಲಿ ಹೇಳಿಬಿಡುತ್ತೇನೆ. ಮೊದಲು ಪ್ಲಗ್ಗಿನ ಸುತ್ತ ಇದ್ದ ಹುಲ್ಲು, ಮಣ್ಣು ಎಲ್ಲವನ್ನೂ ಬ್ರಷ್‌ನಿಂದ ತೆಗೆದೆ. ಇದನ್ನು ಬಿಟ್ಟು ಪ್ಲಗ್ಗು ಬಿಚ್ಚಿದರೆ ಕಸ ಸೀದಾ ಸಿಲಿಂಡರ್ ಒಳಗೆ ಬೀಳುತ್ತದೆ. ಪ್ಲಗ್ಗು ತೆಗೆದ ಮೇಲೆ ಸ್ವಿಚ್ ಆಫ್ ಮಾಡಿ, ಪ್ಲಗ್ಗಿನ ವೈರನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿ ಕಟ್ಟಿದೆ. ವೈರು ಗಾಳಿಯಲ್ಲಿ ನೇತಾಡುವಾಗ ಹಗ್ಗ ಎಳೆದರೆ ಕಿಡಿ ಹುಟ್ಟಿಸುವ ಕಾಯಿಲ್ ಸುಡುವ ಭಯ ಇದೆ. ಪ್ಲಗ್ಗಿನ ತೂತಿನಿಂದ ಪೆಟ್ರೋಲ್ ಹನಿ ಸಿಡಿಯುತ್ತಿರುತ್ತದೆ, ಅಲ್ಲೇ ಪಕ್ಕದಲ್ಲಿ ಕಿಡಿ ಹಾರಿದರೆ ಬೆಂಕಿ. ಹಾಗಾಗಿ ಇದನ್ನು ಯಾವತ್ತೂ ಬಿಡಬೇಡಿ. ಬಳಿಕ ನಾಲ್ಕೈದು ಸಲ ಸುಮ್ನೆ ಹಗ್ಗ ಎಳೆದು ಒಳಗಿನ ಹಸಿ ಪೆಟ್ರೋಲನ್ನು ಹೊರಗೆ ಹಾಕಿದೆ. ಚೋಕ್ ತೆರೆದೆ. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿಯಲು ಮಗನಿಗೆ ಹೇಳಿದೆ. ಗಾಳಿ ಒಳಗೆ ಬರಲು ದಾರಿ ಇಲ್ಲದಿದ್ದರೆ ಒತ್ತುವುದಕ್ಕಾದರೂ ಏನಿದೆ? ಗೇಜು ಹಾಕಿ, ಮುಳ್ಳು ಏರುವುದು ನಿಲ್ಲುವವರೆಗೆ ಎಳೆದೆ. ಆರನೇ ಎಳೆತಕ್ಕೆ ನಿಂತಿತು.

ಈ ಗಾತ್ರದ ಟೂ ಸ್ಟ್ರೋಕ್ ಎಂಜಿನ್ ಆರೋಗ್ಯವಾಗಿದ್ದರೆ ಸಾಮಾನ್ಯವಾಗಿ 120ರಿಂದ 150 ಪಿಎಸ್‌ಐ ತೋರಿಸುತ್ತದೆ. 100ರ ಕೆಳಗೆ ಬಂದರೆ ಸ್ಟಾರ್ಟ್ ಮಾಡಲು ಕಷ್ಟ. 90ಕ್ಕಿಂತ ಕೆಳಗಿದ್ದರೆ ಹೆಚ್ಚಿನವು ಏಳುವುದೇ ಇಲ್ಲ. ನನ್ನ ಕೈಯಲ್ಲಿ ಇದ್ದದ್ದು 62. ಕಿಟ್ ತರಿಸೋಣ ಎಂದು ಅಕ್ಕನಿಗೆ ಹೇಳಿಬಿಡಲು ಫೋನ್ ತೆಗೆದಿದ್ದೆ.

ಆಗ ಒಂದು ವಿಷಯ ಅಡ್ಡ ಬಂತು. 62 ಪಿಎಸ್‌ಐ ಇರುವ ಎಂಜಿನ್ ಬೆಳಿಗ್ಗೆ ಸ್ಟಾರ್ಟ್ ಆಗುವುದಾದರೂ ಹೇಗೆ?

ಪ್ಲಗ್ಗನ್ನು ಮತ್ತೆ ಬಿಗಿದು ಹಗ್ಗವನ್ನು ಮೆಲ್ಲಗೆ ಎಳೆದೆ. ಪಿಸ್ಟನ್ ಮೇಲೆ ಬರುವಾಗ ಕೈಗೆ ಒಂದು ಉಬ್ಬು ಸಿಗುತ್ತದೆ, ಎತ್ತಿನಗಾಡಿಯ ಚಕ್ರ ಕಲ್ಲಿಗೆ ತಾಗಿ ನಿಂತ ಹಾಗೆ. ಆ ಉಬ್ಬಿನ ಬುಡದಲ್ಲೇ ಹಗ್ಗವನ್ನು ಹದವಾಗಿ ಬಿಗಿ ಹಿಡಿದು ನಿಂತೆ. ರಿಂಗು ಹೋದ ಎಂಜಿನ್ನಾದರೆ ಗಾಳಿ ಪುಸಕ್ಕನೆ ಸೋರಿ ಹಗ್ಗ ಸರಾಗವಾಗಿ ಬಂದುಬಿಡುತ್ತದೆ. ಇದು ನಿಂತಿತು. ಒಂದು, ಎರಡು, ಮೂರು ಎಂದು ಎಣಿಸಿದೆ. ಆಮೇಲೆ ನಿಧಾನಕ್ಕೆ ಜಾರಿತು. ಹದಿನೈದು ವರ್ಷ ಇಂಥ ಹಗ್ಗ ಎಳೆದ ಕೈ ಇದು. ಕೈ ಒಂದು ಹೇಳುತ್ತಿತ್ತು, ಗೇಜು ಇನ್ನೊಂದು ಹೇಳುತ್ತಿತ್ತು.

ನನ್ನ ತೋಟದ ಮಷಿನ್ ಕೂಡ ಅದೇ 43 ಸಿಸಿಯದು. ಅಂದು ಬೆಳಿಗ್ಗೆಯಷ್ಟೇ ಮೂರು ತಾಸು ಎಲ್ಲೂ ನಿಲ್ಲದೆ ಓಡಿತ್ತು. ಅದಕ್ಕೆ ಅದೇ ಗೇಜು ಹಾಕಿದೆ. 70.

ಪ್ರಕರಣ ತಿರುಗಿದ್ದು ಅಲ್ಲಿ. ಚೆನ್ನಾಗಿ ಓಡುವ ಮಷಿನ್‌ಗೆ 70 ತೋರಿಸುವ ಗೇಜಿನ ಮಾತನ್ನು ನಂಬಿ ಇನ್ನೊಂದು ಮಷಿನ್‌ನ ಸಿಲಿಂಡರ್ ಬಿಸಾಡಲು ಹೊರಟಿದ್ದೆ. ನನಗೆ ನಿಜಕ್ಕೂ ಬೇಜಾರಾಯಿತು. ಈ ಗೇಜಿನಿಂದ ಹಿಂದೆ ಎಷ್ಟು ಮಷಿನ್ ನೋಡಿದ್ದೆನೋ, ಅವೆಲ್ಲ ನೆನಪಿಗೆ ಬಂದವು.

ಗೇಜು ಕೆಟ್ಟಿತ್ತೇ? ಇಲ್ಲ. ಕಾರಿಗೆ ಹಾಕಿದರೆ ಸರಿಯಾಗಿಯೇ ತೋರಿಸುತ್ತಿತ್ತು. ಅದನ್ನು ಮೇಜಿನ ಮೇಲೆ ಬಿಚ್ಚಿಟ್ಟು ನೋಡಿದೆ. ಒಂದು ತುದಿಯಲ್ಲಿ ಪ್ಲಗ್ಗಿನ ತೂತಿಗೆ ತಿರುಗಿಸುವ ಹಿತ್ತಾಳೆಯ ಥ್ರೆಡ್. ಅಲ್ಲಿಂದ ಸುಮಾರು 30 ಸೆಂಟಿಮೀಟರ್ ರಬ್ಬರ್ ಪೈಪು. ಇನ್ನೊಂದು ತುದಿಯಲ್ಲಿ ಗೇಜು. ಗಾಳಿ ವಾಪಸು ಹೋಗದಂತೆ ತಡೆಯುವ ಪುಟ್ಟ ವಾಲ್ವ್ ಇದ್ದದ್ದು ಗೇಜಿನ ಬುಡದಲ್ಲಿ. ಅಂದರೆ ಪೈಪು ಪೂರ್ತಿಯಾಗಿ ವಾಲ್ವಿನ ಈಚೆಗೆ, ಸಿಲಿಂಡರ್ ಕಡೆಗೆ ಇತ್ತು. ಪಿಸ್ಟನ್ ಪ್ರತಿ ಸಲ ಮೇಲೆ ಬರುವಾಗಲೂ ಆ ಪೈಪನ್ನೂ ತುಂಬಬೇಕು, ಕೆಳಗೆ ಹೋಗುವಾಗ ಆ ಗಾಳಿ ವಾಪಸು ಸಿಲಿಂಡರಿಗೇ ಬರುತ್ತದೆ. ಪೈಪೂ ದಹನದ ಕೋಣೆಯ ಒಂದು ಭಾಗವೇ ಆಗಿಬಿಟ್ಟಿತ್ತು.

ಎಷ್ಟು ದೊಡ್ಡ ಭಾಗ? ಮನೆಯಲ್ಲಿ ದನಕ್ಕೆ ಔಷಧ ಕುಡಿಸುವ 20 ಎಂಎಲ್ ಸಿರಿಂಜ್ ಇತ್ತು, ಸೂಜಿ ಇಲ್ಲದ್ದು. ಪೈಪಿನ ಬಾಯಿ ಮೇಲೆ ಮಾಡಿ ನೀರು ತುಂಬಿದೆ. ಸರಿಯಾಗಿ 6 ಎಂಎಲ್ ಹಿಡಿಯಿತು.

ನಂತರ ನನ್ನ ಮಷಿನ್‌ನ ಎಂಜಿನ್ನನ್ನು ಪ್ಲಗ್ಗಿನ ತೂತು ಮೇಲೆ ಬರುವ ಹಾಗೆ ಕೂರಿಸಿದೆ. ಪಿಸ್ಟನ್ ತುತ್ತತುದಿಗೆ ಬರುವಂತೆ ಮಾಡಿ, ಅದೇ ಸಿರಿಂಜಿನಿಂದ ಟೂಟಿ ಆಯಿಲ್ (ಪೆಟ್ರೋಲಿಗೆ ಬೆರೆಸುವ ಟೂ ಸ್ಟ್ರೋಕ್ ಎಣ್ಣೆ) ಬಿಡುತ್ತಾ ಹೋದೆ. ಥ್ರೆಡ್ಡಿನ ಬುಡಕ್ಕೆ ಎಣ್ಣೆ ಬಂದಾಗ ಸಿರಿಂಜಿನಲ್ಲಿ 14 ಉಳಿದಿತ್ತು. ಅಂದರೆ ಅದೂ 6 ಎಂಎಲ್. (ಇದನ್ನು ಮಾಡುವವರು ಒಂದು ಎಚ್ಚರ ಇಟ್ಟುಕೊಳ್ಳಿ. ಅಳೆದಾದ ಮೇಲೆ ಎಂಜಿನ್ ಬೋರಲು ಹಾಕಿ ಎಣ್ಣೆ ಪೂರ್ತಿ ಬಸಿಯಬೇಕು, ಪ್ಲಗ್ಗು ಇಲ್ಲದೆಯೇ ಹತ್ತಾರು ಸಲ ಹಗ್ಗ ಎಳೆದು ಉಳಿದದ್ದನ್ನೂ ಹೊರಹಾಕಬೇಕು. ಎಣ್ಣೆ ಇರುವಾಗ ಪ್ಲಗ್ಗು ಹಾಕಿ ಎಳೆದರೆ ಎಣ್ಣೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗಬಹುದು.)

ಈಗ ಲೆಕ್ಕ ಸುಲಭ. ಈ ಎಂಜಿನ್ನಿನ ಬೋರು, ಅಂದರೆ ಸಿಲಿಂಡರಿನ ಒಳ ಅಗಲ, 40 ಮಿಲಿಮೀಟರ್. ಸ್ಟ್ರೋಕ್, ಅಂದರೆ ಪಿಸ್ಟನ್ ಏರಿಳಿಯುವ ದೂರ, 34 ಮಿಲಿಮೀಟರ್. ಅದರಿಂದ ಸಿಲಿಂಡರಿನ ಗಾತ್ರ ಲೆಕ್ಕ ಹಾಕಿದರೆ 42.7 ಸಿಸಿ (ಒಂದು ಸಿಸಿ ಎಂದರೆ ಒಂದು ಎಂಎಲ್). ಆದರೆ ಟೂ ಸ್ಟ್ರೋಕ್‌ನಲ್ಲಿ ಅಷ್ಟೂ ಗಾಳಿ ಒತ್ತಿಸಿಕೊಳ್ಳುವುದಿಲ್ಲ. ಪಿಸ್ಟನ್ ಮೇಲೆ ಹೊರಟಾಗ ಹೊಗೆ ಹೋಗುವ ಕಿಂಡಿ ಇನ್ನೂ ತೆರೆದೇ ಇರುತ್ತದೆ. ಅದು ಮುಚ್ಚಿದ ಮೇಲೆಯೇ ಒತ್ತಡ ಶುರು. ಆ ಹೊತ್ತಿಗೆ ಉಳಿಯುವುದು ಅಂದಾಜು 30 ಸಿಸಿ. ಇದರ ಜೊತೆ ಮೇಲಿನ 6 ಸೇರಿಸಿದರೆ 36. ಆ 36ನ್ನು 6ಕ್ಕೆ ಒತ್ತಿದರೆ ಆರು ಪಟ್ಟು. ಪೈಪು ಇದ್ದಾಗ? 42ನ್ನು 12ಕ್ಕೆ ಒತ್ತಿದ ಹಾಗೆ, ಅಂದರೆ ಮೂರೂವರೆ ಪಟ್ಟು. ಒತ್ತುವಾಗ ಗಾಳಿ ಬಿಸಿಯೂ ಆಗುತ್ತದೆ. ಅದನ್ನೂ ಸೇರಿಸಿ ಲೆಕ್ಕ ಹಾಕಿದರೆ, ಪೈಪಿಲ್ಲದೆ 130-140 ತೋರಿಸಬೇಕಾದ ಎಂಜಿನ್ ಪೈಪಿನೊಂದಿಗೆ 60-70 ತೋರಿಸುತ್ತದೆ. ಕಾರಿನ ಒಂದೊಂದು ಸಿಲಿಂಡರ್ 300-400 ಸಿಸಿ ಇರುತ್ತದೆ. ಅಲ್ಲಿ ಈ 6 ಎಂಎಲ್ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಕಳೆ ಮಷಿನ್‌ನಲ್ಲಿ ಅದು ಅರ್ಧಕ್ಕರ್ಧ ತಿಂದುಹಾಕುತ್ತದೆ.

ಅಂಗಡಿಯವರ ಎಣ್ಣೆ ಪರೀಕ್ಷೆಯೂ ಇದೇ ಬೆಳಕಿನಲ್ಲಿ ಬೇರೆಯಾಗಿ ಕಂಡಿತು. ಅವರು ಬಿಟ್ಟದ್ದು "ಒಂದು ಅರ್ಧ ಚಮಚ" ಎಂದು ಅಕ್ಕ ಹೇಳಿದ್ದರು. ಅರ್ಧ ಚಮಚ ಎಂದರೆ ಎರಡು-ಮೂರು ಎಂಎಲ್. 12 ಎಂಎಲ್ ಜಾಗದಲ್ಲಿ 3 ಎಂಎಲ್ ಎಣ್ಣೆ ಕೂತರೆ ಗಾಳಿಗೆ ಉಳಿಯುವುದು 9. ಜಾಗ ಕಡಿಮೆಯಾದರೆ ಒತ್ತಡ ಏರಲೇಬೇಕಲ್ವಾ? ರಿಂಗು ಹೊಚ್ಚ ಹೊಸದಿದ್ದರೂ ಏರುತ್ತಿತ್ತು. 60ರಿಂದ 85ಕ್ಕೆ ಏರಿದ್ದು ಎಣ್ಣೆ ಹಿಡಿದ ಜಾಗದಿಂದ. ಅದನ್ನು ರಿಂಗಿನ ತಪ್ಪು ಎಂದು ಓದಲಾಗಿತ್ತು. ಈ ಚಿಕ್ಕ ಎಂಜಿನ್ನುಗಳಿಗೆ ಎಣ್ಣೆ ಪರೀಕ್ಷೆ ಮಾಡಲೇಬೇಕಿದ್ದರೆ ನಾಲ್ಕೈದು ಹನಿ ಸಾಕು. ಚಮಚ ಬೇಡವೇ ಬೇಡ.

ಸರಿಯಾದ ಗೇಜು ಬೇಕಿತ್ತು. ಕುಮಟೆಯಲ್ಲಿ ನಾಡದೋಣಿಗಳ ಔಟ್‌ಬೋರ್ಡ್ ಎಂಜಿನ್ ರಿಪೇರಿ ಮಾಡುವ ಗೆಳೆಯನಿದ್ದಾನೆ. ಫೋನ್ ಮಾಡಿದೆ. "ವಾಲ್ವ್ ತುದಿಯಲ್ಲೇ ಇರೋದು ನನ್ನ ಹತ್ರ ಇದೆ, ಬಾ" ಎಂದ. ಮರುದಿನ ನನ್ನ ಮಷಿನ್‌ನ ಎಂಜಿನ್ ಭಾಗವನ್ನಷ್ಟೇ ಬಿಚ್ಚಿ, ಗೋಣಿಯಲ್ಲಿ ಸುತ್ತಿ, ದೇವಿಮನೆ ಘಟ್ಟ ಇಳಿದೆ. ಗೇಜು ತರುವುದಷ್ಟೇ ಆಗಿದ್ದರೆ ಎಂಜಿನ್ ಹೊತ್ತೊಯ್ಯಬೇಕಿರಲಿಲ್ಲ. ಆದರೆ ಅವನ ಎದುರೇ, ಅವನ ಕೈಯಿಂದಲೇ ಒಮ್ಮೆ ಅಳೆಸಬೇಕು ಎಂದಿತ್ತು ನನಗೆ. ಒಂದು ಗೇಜಿನಿಂದ ಮೋಸಹೋದ ಮೇಲೆ ಇನ್ನೊಂದನ್ನು ಸುಮ್ನೆ ನಂಬುವುದು ಹೇಗೆ?

ಅವನ ಗೇಜಿಗೆ ಪೈಪೇ ಇರಲಿಲ್ಲ ಎನ್ನಬಹುದು. ಕಿರುಬೆರಳಿನಷ್ಟು ಉದ್ದದ ಉಕ್ಕಿನ ಕೊಳವೆ, ಅದರ ತುತ್ತತುದಿಯಲ್ಲಿ, ಪಿಸ್ಟನ್ ಕಡೆಗೆ, ವಾಲ್ವ್. ವಾಲ್ವ್ ನೋಡಲು ಸೈಕಲ್ ಟ್ಯೂಬಿನ ವಾಲ್ವಿನಂತೆಯೇ ಇದೆ. ಅವನು ಅದನ್ನು ಬಿಚ್ಚಿ ಅಂಗೈಯಲ್ಲಿಟ್ಟು, ಪಕ್ಕದಲ್ಲಿ ಟಯರಿನ ವಾಲ್ವ್ ಇಟ್ಟು ತೋರಿಸಿದ. ಎರಡನ್ನೂ ಉಗುರಿನಿಂದ ಒತ್ತಿ ನೋಡಿದೆ. ಗೇಜಿನದು ಮೆತ್ತಗೆ ಒಳಗೆ ಹೋಯಿತು, ಟಯರಿನದು ಗಟ್ಟಿ. ಸ್ಪ್ರಿಂಗು ಬೇರೆ. ವಾಲ್ವ್ ಹಾಳಾಯಿತೆಂದು ಟಯರಿನದನ್ನು ಹಾಕಿದರೆ ಆ ಸ್ಪ್ರಿಂಗನ್ನು ತಳ್ಳಿ ತೆರೆಯುವುದರಲ್ಲೇ ಒತ್ತಡ ಹೋಗಿ, ಮುಳ್ಳು ಕಡಿಮೆ ತೋರಿಸುತ್ತದೆ. ಹೊರಗಿನಿಂದ ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಅವನು ಇನ್ನೊಂದನ್ನೂ ಹೇಳಿದ. ನಮ್ಮ ಮಷಿನ್‌ಗಳ ಪ್ಲಗ್ಗಿನ ಥ್ರೆಡ್ 14 ಮಿಲಿಮೀಟರ್ ದಪ್ಪ, ಉದ್ದ ಬರೀ 9.5 ಮಿಲಿಮೀಟರ್. ಕಾರಿನ ಗೇಜಿನ ಥ್ರೆಡ್ ಸಾಮಾನ್ಯವಾಗಿ ಅದರ ಎರಡರಷ್ಟು ಉದ್ದ. ಪೂರ್ತಿ ತಿರುಗಿಸಿದರೆ ತುದಿ ಒಳಗೆ ಚಾಚಿಕೊಂಡು ಪಿಸ್ಟನ್ನಿನ ತಲೆಗೆ ಹೊಡೆಯಬಹುದು. ಹಾಕುವ ಮೊದಲು ಪ್ಲಗ್ಗಿನ ಪಕ್ಕ ಹಿಡಿದು ಉದ್ದ ಹೋಲಿಸಿ ನೋಡುವುದು ಒಳ್ಳೆಯದು.

ಕುಮಟೆಯಲ್ಲಿ ನನ್ನ ಎಂಜಿನ್ 148 ತೋರಿಸಿತು. ಖುಷಿಯಿಂದ ಘಟ್ಟ ಹತ್ತಿ ಬಂದೆ. ಮನೆಯಲ್ಲಿ ಅದೇ ಗೇಜು, ಅದೇ ಎಂಜಿನ್. 138! ಮತ್ತೆ ಎಳೆದೆ, ಮತ್ತೆ 138. ಒಂದು ಕ್ಷಣ ಗಾಬರಿಯಾಯಿತು. ಆಮೇಲೆ ಹೊಳೆಯಿತು. ಕುಮಟೆ ಸಮುದ್ರದ ಮಟ್ಟದಲ್ಲಿದೆ, ಶಿರಸಿ ಸುಮಾರು 600 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ನೂರಕ್ಕೆ ಏಳರಷ್ಟು ಕಡಿಮೆ. ಎಂಜಿನ್ ಒಳಗೆ ಎಳೆದುಕೊಳ್ಳುವ ಗಾಳಿಯೇ ತೆಳು, ಒತ್ತಿದಾಗಲೂ ಅಷ್ಟೇ ಪಾಲು ಕಡಿಮೆ. ಲೆಕ್ಕ ಹಾಕಿದರೆ 148 ಇಲ್ಲಿ 138 ಆಗಲೇಬೇಕು. ಕಾರವಾರದ ಮೆಕ್ಯಾನಿಕ್ ಹೇಳಿದ ಅಂಕಿಯನ್ನು ಘಟ್ಟದ ಮೇಲಿನವರು ಹಾಗೇ ಇಟ್ಟುಕೊಂಡರೆ ಹತ್ತು ಪಿಎಸ್‌ಐ ಸುಮ್ನೆ ಚಿಂತೆ ಮಾಡಬೇಕಾಗುತ್ತದೆ.

ಈಗ ಅಕ್ಕನ ಮಷಿನ್. ತಣ್ಣಗಿದ್ದಾಗ 118.

ಹೊಸ ಎಂಜಿನ್ ಅಲ್ಲ, ರಿಂಗು ಸ್ವಲ್ಪ ಸವೆದಿದೆ. ಆದರೆ ಸತ್ತಿಲ್ಲ. ಇಲ್ಲಿಗೇ ನಿಲ್ಲಿಸುವ ಹಾಗಿರಲಿಲ್ಲ, ಯಾಕೆಂದರೆ ರೋಗ ಬರುತ್ತಿದ್ದದ್ದು ಬಿಸಿಯಾದ ಮೇಲೆ. ಕೆಲವು ಎಂಜಿನ್ನುಗಳು ತಣ್ಣಗಿದ್ದಾಗ ಒತ್ತಡ ಹಿಡಿಯುತ್ತವೆ, ಬಿಸಿಯಾದಾಗ ಬಿಡುತ್ತವೆ. ಹಾಗಾಗಿ ಸ್ಟಾರ್ಟ್ ಮಾಡಿ, ತೋಟದ ಅಂಚಿನಲ್ಲಿ ಹುಲ್ಲಿಗೆ ಹಿಡಿದೆ. ಹನ್ನೊಂದು ನಿಮಿಷಕ್ಕೆ ಮುಕ್ಕರಿಸಿ ನಿಂತಿತು. ತಕ್ಷಣ ದಪ್ಪ ಬಟ್ಟೆ ಹಿಡಿದು ಪ್ಲಗ್ಗು ತೆಗೆದು ಗೇಜು ಹಾಕಿದೆ. ಬಿಸಿ ಅಲ್ಯುಮಿನಿಯಂ ಥ್ರೆಡ್ ಬೇಗ ಕೆಡುತ್ತದೆ. ಅದಕ್ಕೆ ಮೊದಲ ಎರಡು ಸುತ್ತು ಬೆರಳಿನಲ್ಲೇ ತಿರುಗಿಸಿದೆ, ಸ್ಪಾನರ್ ಮುಟ್ಟಲಿಲ್ಲ. 112.

ಆರು ಪಿಎಸ್‌ಐ ಇಳಿದರೆ ಎಂಜಿನ್ ನಿಲ್ಲುವುದಿಲ್ಲ. ತಪ್ಪು ಒತ್ತಡದ್ದಲ್ಲ ಎಂದು ಅಲ್ಲಿಗೆ ಗಟ್ಟಿಯಾಯಿತು. ನೆರಳಿಗೆ ಒಯ್ದು ಕಿಡಿ ನೋಡಿದೆ. ಬಿಸಿಯಲ್ಲೂ ನೀಲಿ ಕಿಡಿ ಚಟಚಟ ಎನ್ನುತ್ತಿತ್ತು, ಕಾಯಿಲ್ ಸರಿ. ಟ್ಯಾಂಕಿನ ಮುಚ್ಚಳ ಸಡಿಲ ಮಾಡಿ ಓಡಿಸಿದರೂ ವ್ಯತ್ಯಾಸ ಇಲ್ಲ, ಗಾಳಿದಾರಿ ಕಟ್ಟಿಲ್ಲ. ಏರ್ ಫಿಲ್ಟರ್ ತೊಳೆದಿದ್ದರು. ಪೆಟ್ರೋಲ್ ಮಾತ್ರ ಆಗಸ್ಟಿನಲ್ಲಿ ಬೆರೆಸಿಟ್ಟದ್ದು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥನಾಲ್ ಇರುತ್ತದೆ. ಅದು ಮಳೆಗಾಲದ ತೇವವನ್ನು ಹೀರಿಕೊಳ್ಳುತ್ತದೆ. ಕ್ಯಾನಿನಲ್ಲಿ ಎರಡು ತಿಂಗಳು ಇಟ್ಟದ್ದನ್ನು ನಾನು ಬಳಸುವುದಿಲ್ಲ. ಬದಲಾಯಿಸಿದೆ. ಸ್ಟಾರ್ಟ್ ಆಗುವುದು ಸುಲಭವಾಯಿತು, ಆದರೆ ಹತ್ತು ನಿಮಿಷದ ರೋಗ ಹಾಗೇ ಇತ್ತು.

ಉಳಿದದ್ದು ಸೈಲೆನ್ಸರ್. ಅದರ ಎರಡು ಬೋಲ್ಟನ್ನು ಎರಡೆರಡು ಸುತ್ತು ಸಡಿಲ ಮಾಡಿ, ಕಿವಿಗೆ ಹತ್ತಿ ಇಟ್ಟುಕೊಂಡು ಸ್ಟಾರ್ಟ್ ಮಾಡಿದೆ. ಸದ್ದು ಕೆಟ್ಟದಾಗಿತ್ತು, ಆದರೆ ಎಂಜಿನ್ ಹೊಸದರ ಹಾಗೆ ಏರಿತು! ಅರ್ಧ ನಿಮಿಷಕ್ಕೇ ಆಫ್ ಮಾಡಿದೆ. ಹೀಗೆ ಜಾಸ್ತಿ ಹೊತ್ತು ಓಡಿಸಬಾರದು. ಉತ್ತರ ಸಿಕ್ಕಿತ್ತು. ಹೊಗೆ ಹೊರಗೆ ಹೋಗಲು ದಾರಿ ಸಾಲದೆ ಎಂಜಿನ್ ಉಸಿರುಗಟ್ಟುತ್ತಿತ್ತು. ಸುಟ್ಟ ಹೊಗೆ ಪೂರ್ತಿ ಹೋಗದಿದ್ದರೆ ಹೊಸ ಗಾಳಿಗೆ ಜಾಗ ಇಲ್ಲ, ಬಿಸಿ ಒಳಗೇ ಉಳಿಯುತ್ತದೆ.

ಸೈಲೆನ್ಸರ್ ಬಿಚ್ಚಿದೆ. ಕಿಂಡಿಯ ಬಾಯಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕಾರ್ಬನ್ ಕಟ್ಟಿತ್ತು. ಬಚ್ಚಲ ಒಲೆಯ ಹಂಡೆಯ ತಳದಲ್ಲಿ ವರ್ಷಗಟ್ಟಲೆ ಕಟ್ಟಿದ ಮಸಿ ಇರುತ್ತದಲ್ಲ, ಹಾಗೆ ಕಪ್ಪು, ಆದರೆ ಅಂಟು ಅಂಟು. ಸೈಲೆನ್ಸರ್ ಬಾಯಿಯ ಜಾಲರಿಯ ಮೇಲೆ ಡಾಂಬರು ಬಳಿದಂತಿತ್ತು.

ಆ ಕಿಂಡಿಯಿಂದಲೇ ಇನ್ನೊಂದು ಕೆಲಸ ಆಗುತ್ತದೆ. ಟಾರ್ಚ್ ಹಿಡಿದು ಹಗ್ಗವನ್ನು ಒಂದೊಂದು ಅಂಗುಲ ಎಳೆಯುತ್ತಾ ಹೋದರೆ ಪಿಸ್ಟನ್ನಿನ ಮೈ ಮತ್ತು ರಿಂಗುಗಳು ಕಣ್ಣೆದುರೇ ಹಾದುಹೋಗುತ್ತವೆ. ನನ್ನ ಪ್ರಕಾರ ಯಾವ ಗೇಜಿಗಿಂತಲೂ ದೊಡ್ಡ ಸಾಕ್ಷಿ ಇದು. ಎಣ್ಣೆ ಇಲ್ಲದೆ ಓಡಿದ್ದರೆ ಪಿಸ್ಟನ್ ಮೈತುಂಬ ಉದ್ದುದ್ದ ಗೀರು ಬಿದ್ದಿರುತ್ತದೆ. ಫಿಲ್ಟರ್ ಹರಿದು ಮಣ್ಣು ಹೋಗಿದ್ದರೆ ಕಾರ್ಬುರೇಟರ್ ಕಡೆಯ ಮೈ ಮಂಕಾಗಿ ಸವೆದಿರುತ್ತದೆ. ಅಕ್ಕನ ಮಷಿನ್‌ನ ಪಿಸ್ಟನ್ ಮೇಲೆ ಕಾರ್ಖಾನೆಯಲ್ಲಿ ಕಡೆದಾಗ ಮೂಡಿದ ಸಣ್ಣ ಅಡ್ಡಗೆರೆಗಳು ಇನ್ನೂ ಕಾಣುತ್ತಿದ್ದವು. ಕಡ್ಡಿಯಿಂದ ರಿಂಗನ್ನು ಮೆಲ್ಲಗೆ ಒತ್ತಿದರೆ ಒಳಗೆ ಹೋಗಿ ವಾಪಸು ಬರುತ್ತಿತ್ತು. ಅಂಟಿಕೊಂಡಿರಲಿಲ್ಲ. ಅಕ್ಕನನ್ನು ಕರೆದು ಟಾರ್ಚ್ ಕೈಗೆ ಕೊಟ್ಟೆ. ಬಗ್ಗಿ ನೋಡಿದರು. "ಇಷ್ಟು ಹೊಳಿತಾ ಇದ್ದಲ್ಲ!" ಎಂದರು. ಅಂಗಡಿಯಲ್ಲಿ ಬೋರ್ ಹೋಗಿದೆ ಎಂದು ಕೇಳಿದ್ದ ಅದೇ ಎಂಜಿನ್.

ಕಾರ್ಬನ್ ತೆಗೆಯಲು ಸ್ಕ್ರೂಡ್ರೈವರ್ ಬೇಡ. ಒಂದು ಗೀರು ಬಿದ್ದರೆ ಪಿಸ್ಟನ್ ಹಾಳು. ನಮ್ಮಲ್ಲಿ ಅಡಿಕೆ ದಬ್ಬೆಗೆ ಬರವಿಲ್ಲ. ಒಣಗಿದ ದಬ್ಬೆಯಿಂದ ಒಂದು ಸೀಳು ತೆಗೆದು, ತುದಿಯನ್ನು ಉಳಿಯ ಹಾಗೆ ಕೆತ್ತಿದೆ. ಗಟ್ಟಿಯೂ ಹೌದು, ಲೋಹಕ್ಕೆ ಮೆತ್ತಗೂ ಹೌದು. ಮೊದಲು ಪಿಸ್ಟನ್ನನ್ನು ಮೇಲೆ ತಂದು ಅದರ ಮೈಯಿಂದ ಕಿಂಡಿ ಮುಚ್ಚುವಂತೆ ಮಾಡಿದೆ, ಪುಡಿ ಒಳಗೆ ಬೀಳಬಾರದು. ಎಂಜಿನ್ ಅನ್ನು ಕಿಂಡಿ ಕೆಳಗೆ ಬರುವಂತೆ ವಾಲಿಸಿ, ಸ್ವಲ್ಪ ಸ್ವಲ್ಪವೇ ಕೆರೆದೆ. ಮುಕ್ಕಾಲು ತಾಸು ಬೇಕಾಯಿತು. ಆ ಹೊತ್ತಿಗೆ ಸೈಲೆನ್ಸರ್ ಮತ್ತು ಜಾಲರಿ ಬಚ್ಚಲ ಒಲೆಯ ಕೆಂಡದಲ್ಲಿದ್ದವು. ಅಡಿಕೆ ಸಿಪ್ಪೆಯ ಕೆಂಡ ಅರ್ಧ ತಾಸಿನಲ್ಲಿ ಆ ಡಾಂಬರನ್ನೆಲ್ಲ ಸುಟ್ಟು ಬೂದಿ ಮಾಡಿತು. ತಣಿದ ಮೇಲೆ ಕಲ್ಲಿಗೆ ಕುಟ್ಟಿದರೆ ಉದುರಿಹೋಯಿತು. ಹೊಸ ಗ್ಯಾಸ್ಕೆಟ್ ಹಾಕಿ ಬಿಗಿದೆ.

ಇಷ್ಟು ಕಾರ್ಬನ್ ಎಲ್ಲಿಂದ ಬಂತು ಎಂದು ಕೇಳದೆ ಮಷಿನ್ ವಾಪಸು ಕೊಟ್ಟರೆ ಮುಂದಿನ ವರ್ಷ ಅದೇ ಕಥೆ. ಪೆಟ್ರೋಲಿಗೆ ಎಣ್ಣೆ ಎಷ್ಟು ಹಾಕುತ್ತೀರಿ ಎಂದು ಅಕ್ಕನನ್ನು ಕೇಳಿದೆ. "ಲೀಟರಿಗೆ ಎಂಟು ಮುಚ್ಚಳ" ಎಂದರು. ಮುಚ್ಚಳ ತರಿಸಿ ಅದೇ ಸಿರಿಂಜಿನಿಂದ ಅಳೆದೆ. ಒಂದು ಮುಚ್ಚಳಕ್ಕೆ 12 ಎಂಎಲ್. ಎಂಟಕ್ಕೆ 96. ಮಷಿನ್‌ನ ಪುಸ್ತಕದಲ್ಲಿ ಬರೆದದ್ದು 25ಕ್ಕೆ 1, ಅಂದರೆ ಲೀಟರಿಗೆ 40 ಎಂಎಲ್. ಹೆಚ್ಚುಕಡಿಮೆ ಎರಡೂವರೆ ಪಟ್ಟು ಹೋಗುತ್ತಿತ್ತು.

ಯಾಕೆ ಅಷ್ಟು? ಅವರ ಮನೆಯವರು ಇದ್ದಾಗ ಒಮ್ಮೆ ಎಣ್ಣೆ ಬೆರೆಸಲು ಮರೆತು ಹಳೆಯ ಮಷಿನ್ ಸೀಜ್ ಆಗಿತ್ತಂತೆ. ಮನೆಯಲ್ಲಿ ಅದೊಂದು ದೊಡ್ಡ ಗಲಾಟೆಯೇ ಆಗಿತ್ತು. ಅವರು ಹೋದ ಮೇಲೆ ತೋಟದ ಜವಾಬ್ದಾರಿ ಅಕ್ಕನ ಮೇಲೆ ಬಂತು. "ಕಡಿಮೆ ಆಪ್ದು ಬ್ಯಾಡ, ಜಾಸ್ತಿ ಆದ್ರೆ ಅಡ್ಡಿಲ್ಲೆ" ಎಂದು ಕೆಲಸದವರಿಗೆ ಹೇಳಿಟ್ಟಿದ್ದರು. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಜಾಸ್ತಿ ಎಣ್ಣೆಯೂ ಎಂಜಿನ್ನಿಗೆ ಒಳ್ಳೆಯದಲ್ಲ. ಅದು ಪೂರ್ತಿ ಸುಡದೆ ಕಿಂಡಿಯಲ್ಲಿ ಕಾರ್ಬನ್ ಆಗುತ್ತದೆ. ಕಾರ್ಬುರೇಟರಿನ ತೂತು ಅಷ್ಟೇ ಇರುವಾಗ ಎಣ್ಣೆ ಹೆಚ್ಚಾದರೆ ಪೆಟ್ರೋಲ್ ಕಡಿಮೆ ಹೋಗುತ್ತದೆ, ಎಂಜಿನ್ ಇನ್ನಷ್ಟು ಬಿಸಿಯಾಗುತ್ತದೆ. ಸಿರಿಂಜನ್ನು ಅಕ್ಕನಿಗೇ ಕೊಟ್ಟೆ. ಲೀಟರಿಗೆ ಎರಡು ಸಲ ತುಂಬಿ ಹಾಕಿ, ಕ್ಯಾನನ್ನು ಚೆನ್ನಾಗಿ ಕುಲುಕಿ, ಹದಿನೈದು ದಿನಕ್ಕೆ ಬೇಕಾದಷ್ಟನ್ನೇ ಬೆರೆಸಿ ಎಂದೆ. ಬೇರೆ ಕಂಪನಿಯ ಮಷಿನ್‌ಗೆ ಈ ಲೆಕ್ಕ ನಡೆಯದಿರಬಹುದು. 50ಕ್ಕೆ 1 ಕೇಳುವವೂ ಇವೆ, ಅವಕ್ಕೆ 20 ಎಂಎಲ್. ಪುಸ್ತಕ ನೋಡಿಯೇ ಹಾಕಬೇಕು.

ಒಂದು ಮಾತು ಸೇರಿಸಲೇಬೇಕು. ಈ ಪ್ರಕರಣದಲ್ಲಿ ಒತ್ತಡ ಸರಿ ಇತ್ತು ಎಂದ ಮಾತ್ರಕ್ಕೆ 118 ಬಂದ ಎಂಜಿನ್ನೆಲ್ಲ ಸರಿ ಎಂದಲ್ಲ. ಟೂ ಸ್ಟ್ರೋಕ್‌ನಲ್ಲಿ ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್ ಕೇಸೂ ಗಾಳಿ ಬಿಗಿಯಾಗಿರಬೇಕು. ಅಲ್ಲಿನ ಆಯಿಲ್ ಸೀಲು ಸೋರಿದರೆ ಪ್ಲಗ್ಗಿನ ತೂತಿನ ಗೇಜಿಗೆ ಅದು ಕಾಣುವುದೇ ಇಲ್ಲ. ಅದಕ್ಕೆ ಬೇರೆ ಪಂಪು, ಬೇರೆ ಪರೀಕ್ಷೆ. ಇನ್ನು ಫೋರ್ ಸ್ಟ್ರೋಕ್ ಕಳೆ ಮಷಿನ್ ಇರುವವರು ಈ ಅಂಕಿಗಳನ್ನು ಹಿಡಿಯಬೇಡಿ. ಅಂಥ ಹಲವು ಎಂಜಿನ್ನುಗಳಲ್ಲಿ ಹಗ್ಗ ಎಳೆಯುವಾಗ ಒತ್ತಡವನ್ನು ಬೇಕೆಂದೇ ಸ್ವಲ್ಪ ಬಿಡುವ ವ್ಯವಸ್ಥೆ ಇರುತ್ತದೆ, ಗೇಜು ಕಡಿಮೆಯೇ ತೋರಿಸುತ್ತದೆ.

ಅಕ್ಕನ ಮಷಿನ್ ಅಂದು ಮಧ್ಯಾಹ್ನ ಒಂದೂವರೆ ತಾಸು ನಿಲ್ಲದೆ ಓಡಿತು. ಮೂರನೇ ಎಳೆತಕ್ಕೆ ಸ್ಟಾರ್ಟ್. ಗ್ಯಾಸ್ಕೆಟ್ಟು, ಹೊಸ ಪ್ಲಗ್ಗು ಸೇರಿ ಖರ್ಚು ಇನ್ನೂರು ರೂಪಾಯಿ ದಾಟಲಿಲ್ಲ. ಫಿಲ್ಟರ್ ಮುಚ್ಚಳದ ಒಳಗೆ ಒಂದು ತುಂಡು ಟೇಪು ಅಂಟಿಸಿ, ತಾರೀಕು ಹಾಕಿ "ತಣ್ಣಗೆ 118, ಬಿಸಿ 112, ಶಿರಸಿ" ಎಂದು ಬರೆದೆ. ಯಾವ ಗೇಜು ಎಂಬುದನ್ನೂ ಬರೆದೆ.

ಮುಂದಿನ ವಾರ ಆ ಅಂಗಡಿಗೂ ಹೋದೆ. ಕುಮಟೆಯ ಗೇಜು ಇನ್ನೂ ನನ್ನ ಬಳಿ ಇತ್ತು. ಅವರದ್ದು ನನ್ನ ಗೇಜಿನಂಥದ್ದೇ, ಪೈಪು ಇನ್ನೂ ಸ್ವಲ್ಪ ಉದ್ದ. ಅಲ್ಲೇ ನಿಂತಿದ್ದ ಒಂದು ಹೊಸ ಮಷಿನ್‌ಗೆ ಎರಡೂ ಹಾಕಿ ತೋರಿಸಿದೆ. ಒಂದು 66, ಇನ್ನೊಂದು 140. ಅವರು ಬಹಳ ಹೊತ್ತು ಎರಡು ಗೇಜನ್ನೂ ಕೈಯಲ್ಲಿ ಹಿಡಿದು ನೋಡಿದರು. ಆಮೇಲೆ ಒಳಗೆ ಹೋಗಿ, ಕಿಟ್ ಹಾಕಲು ಬಿಚ್ಚಿಡಬೇಕೆಂದಿದ್ದ ಎರಡು ಮಷಿನ್ ಹೊರಗೆ ತಂದರು. "ಇವನ್ನೂ ಒಂದ್ಸಲ ನೋಡ್ವ" ಎಂದರು. ಒಂದಕ್ಕೆ 125 ಬಂತು. ಇನ್ನೊಂದಕ್ಕೆ 74. ಅದರ ಸೈಲೆನ್ಸರ್ ತೆಗೆದು ಟಾರ್ಚ್ ಬಿಟ್ಟೆವು. ಪಿಸ್ಟನ್ ಮೈತುಂಬ ಗೀರು. ಅದಕ್ಕೆ ಕಿಟ್ ಬೇಕೇ ಬೇಕಿತ್ತು.